ಹನೋಯಿಯಲ್ಲಿ ರಸ್ತೆ ದಾಟದ ನಮ್ಮತ್ತೆ

ನಮ್ಮತ್ತೆಗೆ ರಸ್ತೆ ದಾಟಲು ಬರುವುದಿಲ್ಲ ಎಂದು ಬೊಮ್ಮನಹಳ್ಳಿಯಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಅಲ್ಲಿನ ಗಾರ್ಮೆಂಟ್ಸ್ ಹೆಂಗಸರೆಲ್ಲ ಸೇರಿ ನನ್ನನ್ನೇ ಎತ್ತಿ ರಸ್ತೆಯ ಆಚೆಗೆ ಎಸೆದಾರು. ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆ ಕನ್ನಡಕವಿಲ್ಲದೆ ಏನನ್ನೂ ಓದುವುದಿಲ್ಲ, ಕನ್ನಡಕ ಎಲ್ಲಿದೆಯೆಂದು ಅವರಿಗೆ ಯಾವತ್ತೂ ಗೊತ್ತಿರುವುದಿಲ್ಲ. ಹಾಗಾಗಿ ನಾನು ಕ್ಷೇಮ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೊಸೂರು ರಸ್ತೆಯ ಪಕ್ಕದ ಶರ್ಟ್ ಫ್ಯಾಕ್ಟರಿಯಲ್ಲಿ ಟೈಲರಾಗಿ ಸೇರಿ ಸೂಪರ್‌ವೈಸರ್ ಆದವರು. ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಹೆಸರು ಬಂದದ್ದು ರಸ್ತೆ ದಾಟುವುದರಲ್ಲಿ. ಸಂಜೆ ಫ್ಯಾಕ್ಟರಿ ಬಿಟ್ಟರೆ ಹೆಂಗಸರೆಲ್ಲ ಮೇಲ್ಸೇತುವೆಯ ಕೆಳಗೆ ಅತ್ತೆಗಾಗಿ ಕಾಯುತ್ತಿದ್ದರು. ಅತ್ತೆ ಬಂದು ಬಲಗೈ ಎತ್ತಿದರೆಂದರೆ ಸೇಲಂ ಬಸ್ಸೂ ನಿಲ್ಲಬೇಕು, ಸಿಮೆಂಟ್ ಲಾರಿಯೂ ನಿಲ್ಲಬೇಕು, ಐಟಿ ಕಂಪನಿಯ ಕ್ಯಾಬಂತೂ ನಿಲ್ಲಲೇಬೇಕು. ನಿಲ್ಲದವನ ಬಾನೆಟ್ಟಿಗೆ ಟಿಫನ್ ಕ್ಯಾರಿಯರ್ ಏಟು. ಟ್ರಾಫಿಕ್ ಪೊಲೀಸಪ್ಪ ಏನು ಮಾಡುತ್ತಿದ್ದ ಅಂತೀರಾ? ಅವನಿಗೆ ಆಚೆ ಟೀ ಅಂಗಡಿಗೆ ಹೋಗಬೇಕಿದ್ದರೆ ಅತ್ತೆಯ ಹಿಂದೆಯೇ ದಾಟುತ್ತಿದ್ದ. ಜೀಬ್ರಾ ಪಟ್ಟೆಯ ಬಗ್ಗೆ ಅತ್ತೆಯ ಅಭಿಪ್ರಾಯ ಇಷ್ಟೇ: ಕಾರ್ಪೊರೇಷನ್‌ನವರಿಗೆ ರಂಗೋಲಿ ಹಾಕಲು ಬರುವುದಿಲ್ಲ.

ಇಂಥವರನ್ನು ಕಂಪನಿಯವರು ಹನೋಯಿಗೆ ಕಳಿಸಿದರು. ವಿಯೆಟ್ನಾಂನ ಆ ಊರಲ್ಲಿ ಹೊಸ ಫ್ಯಾಕ್ಟರಿ ಶುರುವಾಗಿತ್ತು, ಅಲ್ಲಿನ ಹುಡುಗಿಯರಿಗೆ ಎರಡು ವಾರ ಕಾಲರ್ ಕೂರಿಸುವುದನ್ನು ಕಲಿಸಬೇಕಿತ್ತು. ಅದೇ ಕಂಪನಿಯಲ್ಲಿದ್ದ ನಾನು ಇಂಗ್ಲಿಷ್ ಮಾತಾಡಲು ಜೊತೆಗೆ. ಹೋಟೆಲು ರಸ್ತೆಯ ಈ ಕಡೆ, ಫ್ಯಾಕ್ಟರಿ ಗೇಟು ಆ ಕಡೆ. ಅತ್ತೆ ಕಿಟಕಿಯಿಂದ ನೋಡಿ, ಇಷ್ಟೇ ತಾನೇ, ನಡ್ಕೊಂಡೇ ಹೋಗೋಣ ಅಂದರು.

ಬೆಳಗಾದಾಗ ಆ ‘ಇಷ್ಟೇ’ ರಸ್ತೆಯಲ್ಲಿ ಸ್ಕೂಟರುಗಳ ಹೊಳೆ ಹರಿಯುತ್ತಿತ್ತು. ಒಂದರ ಮೇಲೆ ಫ್ರಿಜ್ಜು. ಒಂದರ ಮೇಲೆ ತಲೆಕೆಳಗಾಗಿ ನೇತಾಡುವ ಕೋಳಿಗಳು. ಇನ್ನೊಂದರ ಹಿಂದಿನ ಸೀಟಿನವನು ಆಳೆತ್ತರದ ಕಿಟಕಿ ಗಾಜನ್ನು ಹೊಸ ಹೆಂಡತಿಯಂತೆ ತಬ್ಬಿಕೊಂಡು ಕೂತಿದ್ದ. ಹೋಟೆಲಿನ ಹುಡುಗಿ ನಮಗೆ ಉಪಾಯ ಹೇಳಿಕೊಟ್ಟಳು: ನಿಧಾನಕ್ಕೆ ನಡೆಯುತ್ತಿರಿ, ಓಡಬೇಡಿ, ನಿಲ್ಲಬೇಡಿ, ಹಿಂದೆ ಬರಲೇಬೇಡಿ. ಸ್ಕೂಟರಿನವರೇ ನಿಮ್ಮನ್ನು ಸುತ್ತಿಕೊಂಡು ಹೋಗುತ್ತಾರೆ. ಅತ್ತೆಗೆ ಇದನ್ನು ಕನ್ನಡದಲ್ಲಿ ಹೇಳಿದೆ. ನೆನ್ನೆ ಹುಟ್ಟಿದವಳು ತನಗೆ ರಸ್ತೆ ಕಲಿಸುತ್ತಾಳಾ ಎಂದು ಕೈ ಎತ್ತಿ ಇಳಿದೇಬಿಟ್ಟರು.

ಒಬ್ಬನೂ ನಿಲ್ಲಲಿಲ್ಲ. ಒಬ್ಬಾತ ಮಾತ್ರ, ಯಾರೋ ಪರದೇಶದ ಹೆಂಗಸು ನಮಸ್ಕಾರ ಹೇಳುತ್ತಿದ್ದಾಳೆ ಅಂದುಕೊಂಡು, ನಗುತ್ತಾ ತಾನೂ ಕೈ ಬೀಸಿ ಹೋದ. ಅತ್ತೆ ಮೂರು ಹೆಜ್ಜೆ ಓಡಿದರು, ನಿಂತರು, ಎರಡು ಹೆಜ್ಜೆ ಹಿಂದೆ ಬಂದರು. ಬೊಮ್ಮನಹಳ್ಳಿಯಲ್ಲಿ ಇದಕ್ಕೆ ಅನುಭವ ಎನ್ನುತ್ತಾರೆ. ಇಲ್ಲಿ ಅದರಿಂದ ಐದಾರು ಸ್ಕೂಟರು ಒಂದರ ಮೇಲೊಂದು ಬೀಳುವುದರಲ್ಲಿದ್ದವು. ಫುಟ್‌ಪಾತಿಗೆ ವಾಪಸ್ ಬಂದವರ ಮುಖ ನೋಡಬೇಕಿತ್ತು.

“ಒಬ್ಬನಾದ್ರೂ ಬೈಯ್ಯಲ್ವಲ್ಲೇ,” ಅಂದರು. “ನಮ್ಮಲ್ಲಾದ್ರೆ ಗುದ್ದೋಕೆ ಬಂದೋನೂ ಮನೇಲಿ ಹೇಳ್ಬಿಟ್ಟು ಬಂದಿದೀಯಾ ಅಂತ ವಿಚಾರಿಸ್ತಾನೆ. ಇವ್ರಿಗೆ ನಾನು ಕಾಣ್ಸೋದೇ ಇಲ್ವಾ?”

ಅವತ್ತಿನಿಂದ ಅತ್ತೆ ರಸ್ತೆ ದಾಟಲು ಟ್ಯಾಕ್ಸಿ ಹಿಡಿದರು. ಎದುರಿಗೇ ಕಾಣುವ ಗೇಟಿಗೆ ಟ್ಯಾಕ್ಸಿ ಯಾಕೆಂದು ಡ್ರೈವರಿಗೆ ಅರ್ಥವಾಗಲಿಲ್ಲ. ಅತ್ತೆ ಬೆರಳನ್ನು ಗಾಳಿಯಲ್ಲಿ ಸುತ್ತಿಸಿ, ಮುಂದೆ ಹೋಗಿ ತಿರುಗಿಸಿಕೊಂಡು ಬಾ ಎಂದು ತೋರಿಸಿದರು. ಅಷ್ಟು ಹೊತ್ತಿಗೆ ನಾನು ಆ ಹುಡುಗಿ ಹೇಳಿದಂತೆ ನಡೆದು ದಾಟಿ, ಗೇಟಿನ ಬಳಿ ನಿಂತು ಟ್ಯಾಕ್ಸಿಯ ಬಾಗಿಲು ತೆಗೆಯುತ್ತಿದ್ದೆ. ಮಂತ್ರಿಗಳು ಬಂದ್ರು, ಹಾರ ತನ್ನಿ ಎನ್ನುತ್ತಿದ್ದೆ. ಅಷ್ಟಕ್ಕೇ ಬಿಟ್ಟೆನಾ? ದಿನಾ ಊಟಕ್ಕೆ ಕೂತಾಗ ರಸ್ತೆ ದಾಟುವ ಬಗೆ ಕುರಿತು ಉಪನ್ಯಾಸ ಕೊಡುತ್ತಿದ್ದೆ. ಅತ್ತೆ ಕೇಳಿಸದವರಂತೆ ಅನ್ನಕ್ಕೆ ಊರಿಂದ ತಂದ ಚಟ್ನಿಪುಡಿ ಕಲಸಿಕೊಳ್ಳುತ್ತಿದ್ದರು.

ಹತ್ತನೇ ದಿನ ಸಂಜೆ ಕೆಲಸ ಮುಗಿಸಿ ಹೊರಗೆ ಬಂದೆವು. ಅತ್ತೆ ಗೇಟಿನ ಬಳಿ ಟ್ಯಾಕ್ಸಿಗೆ ಕಾಯುತ್ತಾ ನಿಂತರು. ನಾನು ಎಂದಿನ ಗತ್ತಿನಲ್ಲಿ ರಸ್ತೆಗಿಳಿದೆ. ಸರಿಯಾಗಿ ನಡುರಸ್ತೆಗೆ ಬಂದಾಗ ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ನಾನು ಬಗ್ಗಿದೆ. ಬಗ್ಗಬಾರದಿತ್ತು. ಒಂದು ಸ್ಕೂಟರು ಕಿವಿಯ ಪಕ್ಕದಲ್ಲೇ ಕಿರ್ರೆಂದು ತಿರುಗಿತು, ಇನ್ನೊಂದರ ಹ್ಯಾಂಡಲ್ಲು ಮೊಣಕೈಗೆ ತಗುಲಿತು. ಎದ್ದು ನಿಂತೆ, ಕಾಲು ಏಳಲಿಲ್ಲ. ಮುಂದೆಯೂ ಸ್ಕೂಟರು, ಹಿಂದೆಯೂ ಸ್ಕೂಟರು. ನನ್ನ ಉಪನ್ಯಾಸದಲ್ಲಿ ನಿಂತುಬಿಟ್ಟವರು ಏನು ಮಾಡಬೇಕೆಂಬ ಪಾಠವೇ ಇರಲಿಲ್ಲ. ಅತ್ತೆಯನ್ನು ಕೂಗಿದೆನಂತೆ. ನನಗದು ನೆನಪಿಲ್ಲ.

ತಿರುಗಿ ನೋಡಿದಾಗ ಅವರು ರಸ್ತೆಗಿಳಿದಾಗಿತ್ತು. ಓಡಲಿಲ್ಲ, ನಿಲ್ಲಲಿಲ್ಲ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಅತ್ತ ಇತ್ತ ನೋಡದೆ, ನನ್ನನ್ನೇ ನೋಡುತ್ತಾ ನಿಧಾನಕ್ಕೆ ನಡೆದು ಬಂದರು. ತುಟಿ ಅಲುಗುತ್ತಿತ್ತು. ಯಾವ ದೇವರನ್ನು ಕರೆಯುತ್ತಿದ್ದರೋ, ಕೇಳುವಂತಿರಲಿಲ್ಲ. ಪಕ್ಕಕ್ಕೆ ಬಂದು ನನ್ನ ಕೈ ಹಿಡಿದರು.

“ಚಪ್ಪಲಿ ಬಿಡು. ನಡಿ,” ಅಂದರು.

ನಡೆದೆವು. ಸ್ಕೂಟರುಗಳು ನಮ್ಮ ಎರಡೂ ಕಡೆಯಿಂದ ಹರಿದು ಹೋದವು. ಹೋಟೆಲಿನ ಮುಂದಿನ ಫುಟ್‌ಪಾತ್ ಹತ್ತಿ, ಯಾರೋ ಟೀ ಮಾರುವವರ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಸಿದು ಕೂತೆವು. ಅತ್ತೆ ಸೆರಗಿನ ತುದಿಯಿಂದ ನನ್ನ ಬರಿಗಾಲಿನ ಮಣ್ಣು ಒರೆಸಿದರು. ಎರಡೂ ಕೈಯಲ್ಲಲ್ಲ, ಎಡಗೈಯಲ್ಲಿ. ಬಲಗೈಯಲ್ಲಿ ಇನ್ನೂ ನನ್ನ ಕೈ ಇತ್ತು.

“ನಿಮ್ಮ ಕೈ ನಡುಗ್ತಿದೆ ಅತ್ತೆ,” ಅಂದೆ.

“ನಿಂದು ಕಣೇ,” ಅಂದರು.

ಬಿಟ್ಟು ನೋಡಿದ್ದರೆ ಯಾರದೆಂದು ಗೊತ್ತಾಗುತ್ತಿತ್ತು. ಇಬ್ಬರೂ ಬಿಡಲಿಲ್ಲ.