ಹೊಸ್ತಿಲು ಕಸಿದುಕೊಂಡ ಮಾತುಗಳು

ಸನ್ಮಾನ್ಯ ಹೊಸ್ತಿಲಿನವರಿಗೆ,
ಮುಂದಿನ ಹೊಲಿಗೆ ಕೋಣೆಗೂ ಒಳಮನೆಗೂ ನಡುವೆ,
ನಮ್ಮ ಮನೆ.

ವಿಷಯ: ತಮ್ಮನ್ನು ದಾಟುವಾಗಲೆಲ್ಲ ನನ್ನ ಹಾಗೂ ನನ್ನ ಮಗಳ ತಲೆಯಿಂದ ತಾವು ತೆಗೆದಿಟ್ಟುಕೊಳ್ಳುತ್ತಿರುವ ಸಂಗತಿಗಳ ಕುರಿತು.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರಿ ಎಂಬುದನ್ನು ಇಂದು ಬೆಳಿಗ್ಗೆಯಷ್ಟೇ ನನ್ನ ಬಲಗಾಲಿನ ಹೆಬ್ಬೆರಳಿನ ಮೂಲಕ ಖಚಿತಪಡಿಸಿಕೊಂಡೆ. ಮರ ಗಟ್ಟಿಯಾಗಿದೆ, ಅಂಚು ಚೂಪಾಗಿದೆ, ಇಷ್ಟು ವರ್ಷ ತುಳಿಸಿಕೊಂಡರೂ ತಮ್ಮ ಘನತೆ ಒಂದಿಷ್ಟೂ ಸವೆದಿಲ್ಲ. ತಮ್ಮ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವ ನಾನು ಯಾರೆಂದು ತಮಗೆ ಹೇಳಬೇಕಾಗಿಲ್ಲ. ತಮ್ಮನ್ನು ದಾಟಿ ಒಳಗೆ ಹೋಗಿ, ನಡುಮನೆಯಲ್ಲಿ ಕಂಬದಂತೆ ನಿಂತು, "ಯಾಕಪ್ಪಾ ಬಂದೆ ನಾನು?" ಎಂದು ಸೂರನ್ನು ಕೇಳುವ ಹೆಂಗಸು ಈ ಮನೆಯಲ್ಲಿ ಒಬ್ಬಳೇ ಇದ್ದಳು. ಈಚೆಗೆ ಇಬ್ಬರಾಗಿದ್ದೇವೆ. ಈ ಪತ್ರಕ್ಕೆ ಕಾರಣವೂ ಅದೇ.

ಮೊದಲಿಗೆ ತಮ್ಮ ಕಾರ್ಯದಕ್ಷತೆಯನ್ನು ಮನಸಾರೆ ಮೆಚ್ಚಿಕೊಳ್ಳಲು ಅನುಮತಿ ಕೊಡಿ. ಗಿರಾಕಿಯೊಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ, ಕತ್ತರಿ ತರಲೆಂದು ಎದ್ದು, ಕತ್ತರಿ ಕತ್ತರಿ ಎಂದು ತುಟಿಯಲ್ಲೇ ಜಪಿಸುತ್ತಾ ಬರುತ್ತೇನೆ. ತಮ್ಮ ಮೇಲೆ ಕಾಲೆತ್ತಿ ಇಡುವಷ್ಟರಲ್ಲಿ ತಾವು ಆ ಕತ್ತರಿಯನ್ನು ಎಷ್ಟು ನಯವಾಗಿ ತೆಗೆದುಕೊಂಡುಬಿಡುತ್ತೀರೆಂದರೆ, ಕಳೆದುಕೊಂಡದ್ದು ನನಗೇ ಗೊತ್ತಾಗುವುದಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಒಣಗಿದ ಬಟ್ಟೆಯಲ್ಲಿ ಅರ್ಧ ಮಡಚಿ, ಇನ್ನರ್ಧ ಹಾಗೇ ಬಿಟ್ಟು, ಏನೋ ತರಬೇಕಿತ್ತಲ್ಲ ಎಂಬ ಗಾಬರಿಗೆ ಕೈಗೆ ಸಿಕ್ಕಿದ ಒಂದು ಈರುಳ್ಳಿಯನ್ನು ಹಿಡಿದು ಗಿರಾಕಿಯ ಮುಂದೆ ಬಂದು ನಿಲ್ಲುತ್ತೇನೆ. ಅವರು ಈರುಳ್ಳಿಯನ್ನು ನೋಡುತ್ತಾರೆ, ನಾನು ಅವರನ್ನು ನೋಡುತ್ತೇನೆ. ಇಬ್ಬರೂ ಮರ್ಯಾದಸ್ಥರಾದ್ದರಿಂದ ಯಾರೂ ಏನೂ ಕೇಳುವುದಿಲ್ಲ.

ಅದೇ ನನ್ನ ಯಜಮಾನರನ್ನು ನೋಡಿ. ಬಸ್ಸಿನ ಕಂಡಕ್ಟರು, ಯಾವ ಪ್ರಯಾಣಿಕ ಎಲ್ಲಿ ಹತ್ತಿದ, ಎಲ್ಲಿ ಇಳಿಯಬೇಕು, ಯಾರಿಗೆ ಚಿಲ್ಲರೆ ಬಾಕಿ ಎಂಬುದನ್ನೆಲ್ಲ ತಲೆಯಲ್ಲಿ ತುಂಬಿಕೊಂಡೇ ಮನೆಗೆ ಬಂದು, ತಮ್ಮನ್ನು ದಾಟಿ, ಸ್ನಾನ ಮುಗಿಸಿ, ಮತ್ತೆ ದಾಟಿ ಹೊರಗೆ ಹೋಗುತ್ತಾರೆ. ಅವರಿಂದ ತಾವು ಈವರೆಗೆ ಒಂದು ನೂಲೆಳೆಯನ್ನೂ ಮುಟ್ಟಿಲ್ಲ. ಇಷ್ಟು ತುಂಬಿದ ತಲೆಯನ್ನು ಬಿಟ್ಟು, ಒಂದೇ ಒಂದು ಕತ್ತರಿ ಹೊತ್ತುಕೊಂಡು ಬರುವ ಬಡಪಾಯಿಯ ಮೇಲೆ ತಮಗೇಕೆ ಇಷ್ಟು ಪ್ರೀತಿ ಎಂಬುದು ನನಗೆ ಈಗಲೂ ಬಗೆಹರಿದಿಲ್ಲ.

ಬ್ಯಾಂಡ್ ಮಾಸ್ತರರ ಕೋಟಿನ ವಿಷಯ ತಮಗೆ ನೆನಪಿರಬೇಕು, ಏಕೆಂದರೆ ನನಗೂ ನೆನಪಿದೆ. ಅಳತೆ ತೆಗೆದ ಸಂಖ್ಯೆ ತಮ್ಮನ್ನು ದಾಟುವಾಗ ಆವಿಯಾಗುತ್ತದೆ ಎಂದು ತಿಳಿದ ಮೇಲೆ ನಾನೊಂದು ಉಪಾಯ ಹುಡುಕಿದ್ದೆ. ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದೇ ಬೇಡ. ಟೇಪಿನ ಮೇಲೆ ತೋಳಿನ ಅಳತೆ ಬಂದ ಜಾಗವನ್ನು ಒಂದು ಹೆಬ್ಬೆರಳಿನಿಂದ, ಬೆನ್ನಿನ ಅಳತೆ ಬಂದ ಜಾಗವನ್ನು ಇನ್ನೊಂದರಿಂದ ಒತ್ತಿ ಹಿಡಿದು, ಹಾಗೇ ಒಳಗಿನ ಕತ್ತರಿಸುವ ಮೇಜಿನವರೆಗೆ ನಡೆದುಬಿಡುವುದು. ಹಿಡಿದದ್ದನ್ನು ನಾನು ಬಿಡಲಿಲ್ಲ. ಆದರೆ ಯಾವ ಹೆಬ್ಬೆರಳು ತೋಳು, ಯಾವುದು ಬೆನ್ನು ಎಂಬುದನ್ನು ತಾವು ಉಳಿಸಿಕೊಂಡಿರಿ. ತೋಳುಗಳು ಬೆರಳನ್ನೂ ನುಂಗಿ ಕೆಳಗಿಳಿದು, ಬೆನ್ನು ಸೊಂಟಕ್ಕಿಂತ ಮೇಲೇ ನಿಂತುಹೋದ ಆ ಕೋಟನ್ನು ಮಾಸ್ತರರು ಕನ್ನಡಿಯ ಮುಂದೆ ಹಾಕಿಕೊಂಡು, ಎಡಕ್ಕೂ ಬಲಕ್ಕೂ ತಿರುಗಿ, "ಹೊಲಿಗೆ ಬಹಳ ಚೆನ್ನಾಗಿದೆಯಮ್ಮಾ. ಇದು ಯಾರದ್ದು?" ಎಂದು ಕೇಳಿದರು.

ಅಳತೆ ತೆಗೆದ ಜಾಗದಲ್ಲೇ ಬರೆದುಕೊಳ್ಳಬಾರದೇ ಎಂದು ತಾವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಪೆನ್ಸಿಲ್ ಒಳಗಿರುತ್ತದೆ, ಮಾನ್ಯರೇ. ಅದನ್ನು ತರಲು ತಮ್ಮನ್ನು ದಾಟಬೇಕು. ಯಜಮಾನರು ಪಾಪ, ಪೆನ್ಸಿಲ್ಲಿಗೆ ದಾರ ಕಟ್ಟಿ ಯಂತ್ರಕ್ಕೇ ನೇತುಹಾಕಿದರು. ನೇತಾಡುವ ದಾರ ಕಂಡರೆ ಕತ್ತರಿಸುವುದು ನನ್ನ ಕಸುಬು; ಕತ್ತರಿಸಿದೆ. ಮತ್ತೆ ಕಟ್ಟಿದರು, ಮತ್ತೆ ಕತ್ತರಿಸಿದೆ. ಈಗ ಅವರು ಕಟ್ಟುವುದನ್ನು ಬಿಟ್ಟಿದ್ದಾರೆ.

ಬಡಗಿಯಾದ ನನ್ನ ಅಣ್ಣನ ಸಲಹೆ ಮಾತ್ರ ಬೇರೆ ರೀತಿಯದು. ನನ್ನ ಊದಿದ ಹೆಬ್ಬೆರಳು ನೋಡಿ, "ಕಿತ್ತು ಬಿಸಾಕೋಣ ಇದನ್ನ. ಬರೋವಾಗ ಗರಗಸ ತರ್ತೀನಿ, ನೆನಪಿಸು" ಎಂದಿದ್ದಾನೆ. ಈ ಮಾತನ್ನು ತಮ್ಮ ಗಮನಕ್ಕೆ ತಂದಿದ್ದೇನೆ ಅಷ್ಟೇ. ಬೆದರಿಕೆ ಎಂದು ದಯವಿಟ್ಟು ತಿಳಿಯಬಾರದು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ತಾವು ಕಸಿದುಕೊಂಡದ್ದನ್ನು ತಿಂದುಹಾಕುವವರಲ್ಲ. ನನ್ನ ಅಮ್ಮನಿಗೆ ಇದು ಗೊತ್ತಿತ್ತು. "ತಲೆ ಎಲ್ಲಿಟ್ಟಿದ್ದೀಯೇ?" ಎಂದು ದಿನಾ ಬೈಯುತ್ತಿದ್ದವಳೇ, ಬೈದು ಮುಗಿಸಿದ ಮೇಲೆ, "ಹೋಗು, ಎಲ್ಲಿ ಮರೆತ್ಯೋ ಅಲ್ಲೇ ಹೋಗಿ ನಿಂತ್ಕೋ, ಸಿಗುತ್ತೆ" ಎಂದು ವಾಪಸ್ ಕಳಿಸುತ್ತಿದ್ದಳು. ಅವಳ ಮಾತು ಸುಳ್ಳಾಗಿಲ್ಲ. ಯಂತ್ರದ ಮುಂದೆ ಮತ್ತೆ ಕೂತು, ಪೆಡಲಿನ ಮೇಲೆ ಕಾಲಿಟ್ಟು, ಅದೇ ಬಟ್ಟೆಯ ಅಂಚನ್ನು ಬೆರಳಿನಲ್ಲಿ ಹಿಡಿದರೆ, ಎಲ್ಲಿಂದಲೋ ಕತ್ತರಿ ಬಂದು ತಲೆಯೊಳಗೆ ಕೂರುತ್ತದೆ. ನಮ್ಮ ಮನೆಯಲ್ಲಿ ಯಾರಾದರೂ ಮಾತಿನ ನಡುವೆ ಎದ್ದು ಹಿಂದಕ್ಕೆ ನಡೆದರೆ ಅದು ಮುನಿಸಲ್ಲ, ತರಲು ಹೋಗಿದ್ದಾರೆ ಎಂದೇ ಅರ್ಥ. ಆದರೆ ಹಾಗೆ ವಾಪಸ್ ಹೋಗುವಾಗ ನಾನು ಇಷ್ಟು ವರ್ಷವೂ ತಲೆ ತಗ್ಗಿಸಿಕೊಂಡೇ ಹೋಗಿದ್ದೇನೆ.

ಇನ್ನು ನನ್ನ ಮಗಳ ವಿಷಯ. ಒಂದು ಕಡೆ ನಿಲ್ಲದೆ ಸುತ್ತುವುದರಿಂದ ಮನೆಯವರೆಲ್ಲ ಅವಳನ್ನು ಬುಗುರಿ ಎನ್ನುತ್ತೇವೆ. ಶಾಲೆಯ ಮೇಡಂ ಹೇಳಿದರೆಂದು ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಮೇಡಂ ಬರೆದುಕೊಟ್ಟ ಚೀಟಿ ಕೊಡಿ ಎಂದು ಆ ಡಾಕ್ಟರಮ್ಮ ಕೈ ಚಾಚಿದಾಗ ನಾನು ಚೀಲದಿಂದ ಯಾರದೋ ಜುಬ್ಬಾದ ಒಂದು ತೋಳನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಆ ತೋಳನ್ನು ನೋಡಿದರು, ನನ್ನನ್ನು ನೋಡಿದರು, ಕುರ್ಚಿಯ ಮೇಲೆ ತಲೆಕೆಳಗಾಗಿ ಕೂತಿದ್ದ ಬುಗುರಿಯನ್ನು ನೋಡಿದರು. ಆಮೇಲೆ ಅವಳಿಗೆ ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ನನಗೂ ಕೇಳತೊಡಗಿದರು. ಮುಂದೆ ಕೆಲವು ಭೇಟಿಗಳಾದ ಮೇಲೆ ಅವರು ಹೇಳಿದ ಹೆಸರು ಎಡಿಎಚ್‌ಡಿ. "ಇದು ಸೋಮಾರಿತನ ಅಲ್ಲ, ಅಸಡ್ಡೆನೂ ಅಲ್ಲ. ಒಂದು ಕೆಲಸ ಮಾಡ್ತಾ ಇನ್ನೊಂದನ್ನ ತಲೇಲಿ ಹಿಡ್ಕೊಂಡಿರಬೇಕಲ್ಲ, ಆ ಹಿಡಿತ ನಿಮ್ಮಿಬ್ಬರಿಗೂ ಸ್ವಲ್ಪ ಸಡಿಲ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ದುಃಖಕ್ಕಲ್ಲ. ಹುಟ್ಟಿದಾಗಿನಿಂದ ಕೇಳಿಸಿಕೊಂಡ ಬೈಗುಳಗಳೆಲ್ಲ ಬೇರೆ ಯಾರದೋ ಅಳತೆಗೆ ಹೊಲಿದವು ಎಂದು ಅವತ್ತು ಗೊತ್ತಾಯಿತು.

ಈಗ ಮುಖ್ಯ ಬೇಡಿಕೆಗೆ ಬರುತ್ತೇನೆ. ಶಾಲೆಯ ನಾಟಕದಲ್ಲಿ ಬುಗುರಿಗೆ ದೂತನ ಪಾತ್ರ ಸಿಕ್ಕಿದೆ. ಲಾಂದ್ರ ಹಿಡಿದು ಬಾಗಿಲಿನಿಂದ ಒಳಗೆ ಬಂದು, "ರಾಣಿಯವರೇ, ನದಿ ಏರುತ್ತಿದೆ, ಊರನ್ನು ಗುಡ್ಡಕ್ಕೆ ಕಳುಹಿಸಿ" ಎನ್ನಬೇಕು. ಇರುವುದು ಇದೊಂದೇ ಮಾತು, ಆದರೆ ಇದನ್ನು ಹೇಳದಿದ್ದರೆ ಇಡೀ ಊರು ಮುಳುಗುತ್ತದೆ. ಬಾಗಿಲ ಹಿಂದೆ ನಿಂತಾಗ ಅವಳು ಇದನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಸರಿಯಾಗಿ ಹೇಳುತ್ತಾಳೆ. ದಾಟಿ ಬಂದಳೋ, ಮುಗಿಯಿತು. ಅಭ್ಯಾಸದಲ್ಲಿ ಒಂದು ದಿನ ಒಳಗೆ ಬಂದವಳು ಕಣ್ಣು ಪಿಳಿಪಿಳಿ ಬಿಟ್ಟು, "ರಾಣಿಯವರೇ, ನಿಮ್ಮ ಕಿರೀಟ ಸೊಟ್ಟಗಿದೆ" ಎಂದಳಂತೆ. ಕಿರೀಟ ನಿಜಕ್ಕೂ ಸೊಟ್ಟಗಿತ್ತಂತೆ. ಆದರೂ ಅವಳಿಗೆ ಮರದ ಪಾತ್ರ ಕೊಡುವುದೇ ಒಳ್ಳೆಯದೇನೋ ಎಂದು ಮೇಡಂ ಯೋಚಿಸುತ್ತಿದ್ದಾರೆ. ಮೊನ್ನೆ ನನ್ನ ಯಂತ್ರದ ಪಕ್ಕ ಚಿಂದಿ ಬಟ್ಟೆಯ ರಾಶಿಯಲ್ಲಿ ಕೂತು ಬುಗುರಿ ಹೇಳಿದಳು: "ಮರ ಆದ್ರೆ ಏನೂ ನೆನಪಿಟ್ಕೊಳ್ಳೋದು ಬೇಡ್ವಂತೆ ಅಮ್ಮಾ. ಅದಕ್ಕೇ ನಂಗೆ ಮರ ಸರಿಯಂತೆ." ಅಳುತ್ತಾ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಒಪ್ಪಿಕೊಂಡವಳ ಹಾಗೆ ಹೇಳಿದಳು.

ಮೇಡಂ ಬಳಿಗೆ ಹೋಗಿ ಬೇಡಿಕೊಂಡದ್ದಾಗಿದೆ. "ಸರಿ, ನೋಡೋಣ" ಎಂದಿದ್ದಾರೆ. ರಂಗದ ಬಾಗಿಲನ್ನು ಮಾಡುತ್ತಿರುವುದು ನನ್ನ ಅಣ್ಣನೇ ಆದ್ದರಿಂದ, ಹೊಸ್ತಿಲೇ ಇಲ್ಲದ ಬಾಗಿಲು ಮಾಡು ಎಂದು ಅವನನ್ನೂ ಕೇಳಿದೆ. "ಕೆಳಗಿನ ಪಟ್ಟಿ ಇಲ್ದಿದ್ರೆ ಚೌಕಟ್ಟು ಅಲ್ಲಾಡುತ್ತೆ ಕಣೇ, ರಾಣಿ ಮೇಲೇ ಬೀಳುತ್ತೆ" ಎಂದ. ಆದ್ದರಿಂದ ತಮ್ಮಲ್ಲೇ ವಿನಂತಿಸಿಕೊಳ್ಳುತ್ತಿದ್ದೇನೆ. ಆ ಸಂಜೆಯ ಮಟ್ಟಿಗೆ ತಮ್ಮ ಇಡೀ ಕುಲಬಾಂಧವರಿಗೆ ರಜೆ ಘೋಷಿಸಿ, ಅಣ್ಣನ ಕೈಯಲ್ಲಿ ಹೊಸದಾಗಿ ಹುಟ್ಟಿರುವ ತಮ್ಮ ಆ ಎಳೆಯ ಬಂಧುವಿಗೂ ಒಂದು ಮಾತು ಹೇಳಿ. ಏನಾದರೂ ತೆಗೆದುಕೊಳ್ಳಲೇಬೇಕೆಂಬ ನಿಯಮವಿದ್ದರೆ ನನ್ನಿಂದ ತೆಗೆದುಕೊಳ್ಳಿ. ವರ್ಷಕ್ಕಾಗುವಷ್ಟು ಕತ್ತರಿಗಳನ್ನು ಮುಂಗಡವಾಗಿ ಕೊಡುತ್ತೇನೆ. ಒಲೆಯ ಮೇಲಿಟ್ಟ ಹಾಲು, ನೆನೆಹಾಕಿದ ಬಟ್ಟೆ, ಹಲೋ ಎಂದ ಮೇಲೆ ಫೋನು ಮಾಡಿದ್ದು ಯಾರಿಗೆ ಎಂಬ ಸಂಗತಿ, ಎಲ್ಲವೂ ತಮ್ಮದೇ. ಅವಳದೊಂದು ಮಾತನ್ನು ಮಾತ್ರ ಬಿಟ್ಟುಕೊಡಿ. ಮತ್ತು ಅತ್ಯಂತ ವಿನಯದಿಂದ ನಾನು ತಿಳಿಸಬಯಸುವುದೇನೆಂದರೆ

ಮಾನ್ಯರೇ, ಕ್ಷಮಿಸಬೇಕು. ಇಲ್ಲಿಗೆ ನಿಂತ ಈ ಪತ್ರ ಇಂದು ಮತ್ತೆ ಕೈಗೆ ಸಿಕ್ಕಿತು. ಅಂದು ಏನನ್ನು ತಿಳಿಸಬಯಸಿದ್ದೆನೋ ತಮಗೇ ಗೊತ್ತು, ಏಕೆಂದರೆ ನಡುವೆ ಎದ್ದು ಒಳಗೆ ಹೋಗಿದ್ದೆ. ವಾಪಸ್ ಬಂದವಳು ಬ್ಯಾಂಡ್ ಮಾಸ್ತರರ ಕೋಟನ್ನು ಬಿಚ್ಚಿ ಸರಿಮಾಡಲು ಕೂತು, ಕಾಲರಿನ ಒಳಪದರಕ್ಕೆಂದು ಮೇಜಿನ ಮೇಲೆ ಮಡಚಿಟ್ಟಿದ್ದ ಗಟ್ಟಿ ಬಟ್ಟೆಯ ಬದಲು ಪಕ್ಕದಲ್ಲೇ ಮಡಚಿದ್ದ ಈ ಪತ್ರವನ್ನು ಸೇರಿಸಿ ಹೊಲಿದುಬಿಟ್ಟಿದ್ದೆ. ಇಂದು ಮಾಸ್ತರರು ಬಂದು, "ಅಳತೆ ಈಗ ಸರಿಯಾಗಿದೆಯಮ್ಮಾ, ಆದ್ರೆ ಕತ್ತು ತಿರುಗಿಸಿದಾಗಲೆಲ್ಲ ಏನೋ ಸರಪರ ಅನ್ನುತ್ತೆ" ಎಂದರು. ಬಿಚ್ಚಿದರೆ ತಮಗೆ ಬರೆದ ದೂರು. ಅಂದರೆ ನಾಟಕದ ದಿನ ಇದು ತಮಗೆ ತಲುಪಿರಲಿಲ್ಲ; ರಂಗದ ಪಕ್ಕದಲ್ಲಿ ನಿಂತು ಬ್ಯಾಂಡು ನುಡಿಸುತ್ತಿದ್ದ ಮಾಸ್ತರರ ಕೊರಳಲ್ಲಿತ್ತು.

ಆ ಸಂಜೆ ನಡೆದದ್ದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಬಾಗಿಲು ತೆರೆಯಿತು. ಬುಗುರಿ ಲಾಂದ್ರ ಹಿಡಿದು ತಮ್ಮ ಬಂಧುವನ್ನು ದಾಟಿ ಬಂದಳು, ರಾಣಿಯ ಮುಂದೆ ನಿಂತಳು, ಬಾಯಿ ತೆರೆದಳು. ಮಾತು ಇರಲಿಲ್ಲ. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಆ ಮುಖ ನನ್ನದೇ. ರಾಣಿ ಕಿರೀಟ ಮುಟ್ಟಿ ನೋಡಿಕೊಂಡಳು, ಪರದೆಯ ಮರೆಯಿಂದ ಮೇಡಂ ಪಿಸುಗುಟ್ಟತೊಡಗಿದರು. ಯಜಮಾನರ ಕೈಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಉಗುರಿನ ಗುರುತು ಇನ್ನೂ ಇದೆ.

ಆಗ ನನ್ನ ಮಗಳು ಮಹಾರಾಣಿಗೆ ಅಂಗೈ ತೋರಿಸಿ, "ತಡೀರಿ, ಬಂದೆ" ಎಂದಳು. ತಿರುಗಿದಳು. ಬಂದ ಬಾಗಿಲಿನಿಂದಲೇ ವಾಪಸ್ ಹೋದಳು, ತಲೆ ಎತ್ತಿಕೊಂಡು, ಲಾಂದ್ರವನ್ನೂ ಎತ್ತಿ ಹಿಡಿದುಕೊಂಡು. ಸಭೆಯಲ್ಲಿ ನಗೆ ಎದ್ದಿತು. ನಮ್ಮ ಸಾಲಿನಲ್ಲಿ ಮಾತ್ರ ಯಾರೂ ನಗಲಿಲ್ಲ, ಏಕೆಂದರೆ ಅವಳು ತರಲು ಹೋಗಿದ್ದಾಳೆಂದು ನಮಗೆ ಗೊತ್ತಿತ್ತು. ಆ ನಗೆ ಮುಗಿಯುವ ಮೊದಲೇ ಬಾಗಿಲು ಮತ್ತೆ ತೆರೆಯಿತು, ಲಾಂದ್ರ ಬಂತು, ಅದರ ಹಿಂದೆ ಬುಗುರಿ ಬಂದಳು, ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚುವ ಹಾಗೆ ನದಿ ಏರುತ್ತಿದೆ ಎಂದು ಕೂಗಿದಳು. ಊರು ಗುಡ್ಡ ಹತ್ತಿತು. ಒಬ್ಬರೂ ಮುಳುಗಲಿಲ್ಲ.

ಆಮೇಲೆ ಮುಖದ ಬಣ್ಣ ಒರೆಸುತ್ತಿದ್ದಾಗ, "ಭಯ ಆಯ್ತಾ ಪುಟ್ಟಾ?" ಎಂದು ಕೇಳಿದೆ. "ಇಲ್ಲ, ಅಲ್ಲೇ ಇತ್ತಲ್ಲಮ್ಮಾ, ಬಾಗಿಲ ಹಿಂದೆ" ಎಂದಳು. ಅಷ್ಟು ಸುಲಭವಾಗಿ ಹೇಳಿದಳು. ಅದು ನಾಚಿಕೆಪಡಬೇಕಾದ ಸಂಗತಿ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಇನ್ನು ಮುಂದೆಯೂ ಹೇಳಿಕೊಡಲು ನಾನು ಬಿಡುವುದಿಲ್ಲ.

ಆದ್ದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ತಮ್ಮ ಕೆಲಸ ಮುಂದುವರಿಸಿ. ನಾವು ನಮ್ಮದನ್ನು ಮುಂದುವರಿಸುತ್ತೇವೆ. ನಿನ್ನೆ ಕತ್ತರಿಗೆಂದು ಒಳಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದಾಗ, ಸ್ಟೂಲಿನ ಮೇಲೆ ಕಾಯುತ್ತಿದ್ದ ಗಿರಾಕಿಗೆ ನಾನೂ ಅಂಗೈ ತೋರಿಸಿ "ತಡೀರಿ, ಬಂದೆ" ಎಂದೆ, ಯಂತ್ರದ ಮುಂದೆ ಕೂತು, ಎದ್ದು ಮತ್ತೆ ಒಳಗೆ ಹೋದೆ. ತಲೆ ತಗ್ಗಿಸಲಿಲ್ಲ. ಕತ್ತರಿ ಸಿಕ್ಕಿತು.

ಎಷ್ಟು ಸಲ ಎಡವಿದರೂ ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ದರ್ಜಿ,
ಬುಗುರಿಯ ಅಮ್ಮ

ಬರೆಯಲು ಮರೆತದ್ದು: ಗರಗಸ ತರಲು ನೆನಪಿಸು ಎಂದು ಅಣ್ಣ ಪ್ರತಿ ಸಲವೂ ಹೇಳಿ ಹೋಗುತ್ತಾನೆ. ನಾನು ಪ್ರತಿ ಸಲವೂ ಮರೆಯುತ್ತೇನೆ. ತಾವು ಇಂದಿಗೂ ಆ ಜಾಗದಲ್ಲಿ ಗಟ್ಟಿಯಾಗಿ ಕೂತಿರುವುದು ಯಾರ ಮರೆವಿನ ಕೃಪೆಯಿಂದ ಎಂಬುದನ್ನು ತಾವಾದರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.