ಸೋರೆಬುರುಡೆಯ ನವಣೆ

ನನ್ನ ಹೆಂಡತಿಯ ತಮ್ಮನಿಗೆ ತಲೆ ಕೆಟ್ಟಿದೆಯೆಂದು ಮರಿಯಮ್ಮನಹಳ್ಳಿಯಿಂದ ಕಂಪ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವುದನ್ನು ನಂಬುವ ಅಭ್ಯಾಸ ನನಗಿಲ್ಲ. ಮೂವತ್ತು ವರ್ಷ ಸ್ವತಃ ಪರೀಕ್ಷಿಸಿ ನೋಡಿದೆ. ಬೆಚ್ಚಿಬಿದ್ದೆ. ಅವರು ಕಡಿಮೆಯೇ ಹೇಳಿದ್ದರು!

ಅದಿರಿನ ಲಾರಿಗಳು ರಸ್ತೆಯನ್ನೇ ಕೆಂಪಾಗಿಸಿದ ಆ ವರ್ಷಗಳಲ್ಲಿ, ಅಕ್ಕಪಕ್ಕದವರು ತಮ್ಮ ಹೊಲಗಳನ್ನು ಅದಿರು ಸುರಿಯಲು ಕೊಟ್ಟು ಕಾರು ಕೊಂಡರು. ಇವನು ತನ್ನ ತಾಯಿಯ ಕಾಲದ ನವಣೆಯನ್ನೇ ಬಿತ್ತಿದ. ಬೀಜಕ್ಕೆಂದು ಆರಿಸಿದ ತೆನೆಗಳಿಗೆ ದಾರ ಕಟ್ಟಿ, ಒಂದೊಂದರ ಧೂಳನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಮಗಳಿಗೆ ವರ ನೋಡುವಾಗಲೂ ಅಷ್ಟು ಹೊತ್ತು ನಿಂತವನಲ್ಲ! ಪೌಡರ್ ಹಚ್ಚುವುದೊಂದು ಬಾಕಿಯೇ ಎಂದು ಕೇಳಿದೆ.

"ಪೌಡರ್ ಲಾರಿಯವ್ರು ಹಚ್ಯಾರಲ್ಲ ಮಾವಾ, ನಾ ತೆಗಿಯಾಕತ್ತೀನಿ."

ಒಮ್ಮೆ ನಮ್ಮ ಮನೆಗೆ ಬಂದವನು, ನವಣೆ ಬೀಜ ತುಂಬಿ ಸಗಣಿಯಿಂದ ಬಾಯಿ ಮೆತ್ತಿದ ಸೋರೆಬುರುಡೆಯೊಂದನ್ನು ಅಡುಗೆಮನೆಯ ಜಂತಿಗೆ ತೂಗುಹಾಕಿ ಹೋದ. ಬೀಜ ಒಂದೇ ಮನೆಯಲ್ಲಿರಬಾರದಂತೆ! ಎರಡು ವರ್ಷ ಅದು ಅಲ್ಲೇ ತೂಗಿತು. ಅಷ್ಟು ದಿನ ಬುರುಡೆಯೊಳಗೆ ಬೀಜ ಬದುಕುತ್ತದೆಂಬುದನ್ನು ನಾನು ನಂಬಲಿಲ್ಲ. ನನ್ನ ಸಕ್ಕರೆ ಕಾಯಿಲೆಗೆ ನವಣೆ ಒಳ್ಳೆಯದೆಂಬುದನ್ನು ಮಾತ್ರ ತಕ್ಷಣ ನಂಬಿದೆ. ಬುರುಡೆ ಒಡೆದು ಹೆಂಡತಿಗೆ ಕುಟ್ಟಲು ಕೊಟ್ಟೆ. ಮೂರು ದಿನ ಉಂಡೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ?

ಮರುವಾರ ಅವನು ಬಂದ. ಪಕ್ಕದ ಹೊಲದ ಅದಿರಿನ ಗುಡ್ಡೆ ಮಳೆಗೆ ಕುಸಿದು ಅವನ ಬೆಳೆಯ ಮೇಲೆ ಹರಿದಿತ್ತು. ದಾರ ಕಟ್ಟಿದ ತೆನೆಗಳೆಲ್ಲ ಕೆಸರಿನಡಿ. ಮನೆಯ ಬೀಜವನ್ನೆಲ್ಲ ಬಿತ್ತಿಬಿಟ್ಟಿದ್ದ. ಉಳಿದದ್ದು ನಮ್ಮ ಬುರುಡೆಯೊಂದೇ.

ಅವನು ಜಂತಿ ನೋಡಿದ. ನಾನು ನನ್ನ ಹೊಟ್ಟೆ ನೋಡಿಕೊಂಡೆ.

"ಉಂಡ್ರೇನು?" ಎಂದವನು ಗೋಡೆಗೊರಗಿ ಕೂತ.

ಆಗ ಹೆಂಡತಿ ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದಳು.

"ಒರಳಿಗೆ ಹಾಕೋ ಮುಂಚೆ ಒಂದು ಬೊಗಸಿ ತಗದಿಡಬೇಕಂತ ಅವ್ವ ಹೇಳಿದ್ಲು. ಇವ್ರು ಹೇಳಿದ್ದೆಲ್ಲ ನಂಬಿ ಸಂಸಾರ ಮಾಡಾಕ ಆಕ್ಕತೇನು?"

ಅವನು ಗಂಟು ಬಿಚ್ಚಿ, ಒಂದು ಕಾಳು ಕಚ್ಚಿ ನೋಡಿ, ಅರ್ಧವನ್ನು ಟವೆಲಿನಲ್ಲಿ ಕಟ್ಟಿಕೊಂಡ. ಉಳಿದರ್ಧವನ್ನು ಅಕ್ಕನ ಸೆರಗಿಗೆ ಸುರಿದ, ತವರಿನವರು ಉಡಿ ತುಂಬುವ ಹಾಗೆ.

"ನಿನ್ ಮದುವ್ಯಾಗ ಅವ್ವ ಉಡಿ ತುಂಬಿದ್ದು ಇದನ್ನೇ ಅಕ್ಕಾ. ಮಾವ ಭತ್ತ ಹಚ್ಚಿದ ಮ್ಯಾಲೆ ನಿಮ್ಮನ್ಯಾಗ ಹೋತು. ನಿನ್ ಪಾಲೂ ನಾನಾ ಇಟ್ಕಂಡಿದ್ದೆ."

ಅವಳ ಪಾಲು ತುಂಬಿದ ಹೊಸ ಬುರುಡೆಯನ್ನು ಜಂತಿಗೆ ಕಟ್ಟಲು ನಾನೇ ಸ್ಟೂಲು ಹತ್ತಿದೆ. ಆ ತಲೆಕೆಟ್ಟವನು ಕೆಳಗೆ ನಿಂತು, ಎರಡೂ ಕೈಗಳಿಂದ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.