ಚೌಕಾಸಿ ಸಾಹೇಬರ ವಿಮಾನಯಾನ

“ಅಮ್ಮಾ, ಅಪ್ಪಂಗೆ ಚಿಕ್ಕಮ್ಮನ್ನ ಕಂಡ್ರೆ ಆಗಲ್ವಾ?”

ಮಗಳ ಜಡೆ ಹೆಣೆಯುತ್ತಿದ್ದ ತಾಯಿಯ ಕೈ ಅಲ್ಲೇ ನಿಂತಿತು. “ಯಾಕೇ ಪುಟ್ಟಿ, ಹಾಗಂತೀಯಾ?”

“ಚಿಕ್ಕಮ್ಮನ ಊರಿಗೆ ಯಾವಾಗ ಹೋಗೋದು ಅಂತ ಕೇಳಿದ್ರೆ ಸಾಕು, ಓಡಿಬಂದು ನನ್ನ ಬಾಯಿ ಮುಚ್ತಾರೆ!”

ಪಾಪ, ಅಪ್ಪನಿಗೆ ನಾದಿನಿಯ ಮೇಲೆ ಯಾವ ಹಗೆಯೂ ಇರಲಿಲ್ಲ. ಅವರ ಹಗೆಯೆಲ್ಲ ವಿಮಾನ ಕಂಪನಿಯ ಮೇಲೆ!

ಅವರು ಕಾರ್ಖಾನೆಯೊಂದರ ಖರೀದಿ ವಿಭಾಗದ ಮುಖ್ಯಸ್ಥರು. ಮೊಳೆಯೇ ಇರಲಿ, ಬೋಲ್ಟೇ ಇರಲಿ, ಮೊದಲು ಹೇಳಿದ ಬೆಲೆಗೆ ಕೊಂಡ ಚರಿತ್ರೆಯೇ ಇಲ್ಲ. ಮಾರುವವನು ಎದುರಿಗೆ ಬಂದು ಕೂತನೋ, ಸಾಹೇಬರು ಕಿಟಕಿಯಾಚೆ ನೋಡುತ್ತಾ ಒಂದು ಆಕಳಿಕೆ ತೆಗೆಯುತ್ತಾರೆ. ಆ ಆಕಳಿಕೆಗೆ ಎಂಥೆಂಥ ಘಟಾನುಘಟಿಗಳೂ ಬೆವತು ಬೆಲೆ ಇಳಿಸಿದ್ದಾರೆ. ಆಫೀಸಿನಲ್ಲಿ ಅವರ ಹೆಸರೇ ಚೌಕಾಸಿ ಸಾಹೇಬರು.

ಇತ್ತ ಕಡಲತೀರದ ಊರಿನಲ್ಲಿದ್ದ ಅವರ ಹೆಂಡತಿಯ ತಂಗಿಗೆ ಚೊಚ್ಚಲ ಹೆರಿಗೆ. ತಂಗಿಯ ಗಂಡ ಹಡಗಿನ ಕೆಲಸದವನು, ನಡುನೀರಿನಲ್ಲಿದ್ದ. “ಅಕ್ಕಾ, ನನ್ನ ಒಳಗೆ ಕರ್ಕೊಂಡು ಹೋಗೋವಾಗ ನೀನು ಬಾಗಿಲ ಹತ್ರ ಇರ್ಬೇಕು, ಅಷ್ಟೇ” ಎಂದಿದ್ದಳು ತಂಗಿ. “ಇದ್ದೇ ಇರ್ತೀನಿ” ಎಂದು ಅಕ್ಕ ಮಾತು ಕೊಟ್ಟಿದ್ದಳು. ಶನಿವಾರದ ವಿಮಾನಕ್ಕೆ ಮೂವರೂ ಹೊರಡುವುದೆಂದು ತೀರ್ಮಾನವಾಗಿತ್ತು.

“ಟಿಕೆಟ್ ವಿಷಯ ನನಗೆ ಬಿಡು! ಆ ವಿಮಾನದವರು ತಾವಾಗೇ ಬಂದು ‘ದಯವಿಟ್ಟು ಹತ್ತಿ’ ಅಂತ ಕೈ ಮುಗೀಬೇಕು, ಹಾಗೆ ಮಾಡ್ತೀನಿ!” ಎಂದು ಸಾಹೇಬರು ಘೋಷಿಸಿದರು.

ಹುಡುಕಿದ ಮೊದಲ ದಿನವೇ ಒಳ್ಳೆಯ ಬೆಲೆ ಸಿಕ್ಕಿತು.

“ತಗೊಂಡ್ಬಿಡಿ ರೀ” ಎಂದಳು ಹೆಂಡತಿ.

“ಛೆ ಛೆ! ಮೊದಲ ಬೆಲೆಗಾ? ನಾಳೆ ಬೋಲ್ಟಿನವನಿಗೆ ಯಾವ ಮುಖ ತೋರಿಸ್ಲಿ?” ಹೆಸರು, ವಯಸ್ಸು, ಕಿಟಕಿ ಪಕ್ಕದ ಸೀಟು ಎಲ್ಲ ತುಂಬಿ, ದುಡ್ಡು ಕಟ್ಟುವ ಹೊತ್ತಿಗೆ ಸರಿಯಾಗಿ ಫೋನು ಮುಚ್ಚಿಟ್ಟರು. “ಅರ್ಧಕ್ಕೇ ಎದ್ದುಬಂದಿದ್ದೀನಿ. ಈಗ ಒದ್ದಾಡ್ಲಿ!”

ವಿಮಾನದವರು ಒದ್ದಾಡಲಿಲ್ಲ. ಮರುದಿನ ಬೆಲೆ ಏರಿತ್ತು.

“ನಮ್ಮ ಆಸೆ ಗೊತ್ತಾಗಿಬಿಟ್ಟಿದೆ!” ಸಾಹೇಬರು ದನಿ ತಗ್ಗಿಸಿದರು. “ಫೋನಿಗೂ ಕಿವಿ ಇರುತ್ತೆ ಕಣೇ. ನಿನ್ನೆ ತಂಗಿ ಹತ್ರ ‘ಬಂದೇ ಬರ್ತೀನಿ’ ಅಂದ್ಯಲ್ಲ, ಕೇಳಿಸ್ಕೊಂಡಿದೆ.”

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ವಿಮಾನ, ಆ ಊರು, ಚಿಕ್ಕಮ್ಮ ಮೂರೂ ನಿಷಿದ್ಧ ಪದಗಳು! ಪುಟ್ಟಿಯ ಬಾಯಿಗೆ ಅಪ್ಪನ ಅಂಗೈ ಬಿದ್ದದ್ದು ಹೀಗೆ. ತಂಗಿ ಫೋನು ಮಾಡಿದರೆ ಅಕ್ಕ ಉದಾಸೀನವಾಗಿ ಮಾತಾಡಬೇಕು. ಸಾಹೇಬರು ಪಕ್ಕದಲ್ಲೇ ಕೂತು ಕಣ್ಣಲ್ಲೇ ನಿರ್ದೇಶನ ಕೊಡುತ್ತಿದ್ದರು.

“ಊಟ ಆಯ್ತಾ? ಹ್ಞೂ. ಸರಿ. ಇಡ್ಲಾ?”

“ಅಕ್ಕಾ... ನನ್ಮೇಲೆ ಕೋಪನಾ?”

ಅವಳು ‘ಇಲ್ಲ ಕಣೇ’ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಸಾಹೇಬರು ಫೋನಿನ ಹತ್ತಿರ ಬಾಗಿ, “ಈ ಸಲ ಎಲ್ಲೂ ಹೋಗಲ್ಲಪ್ಪ, ಮನೇಲೇ ಹಾಯಾಗಿರ್ತೀವಿ!” ಎಂದು ಸಾರಿ, ತಮ್ಮ ಜಗದ್ವಿಖ್ಯಾತ ಆಕಳಿಕೆಯನ್ನೂ ಪ್ರಯೋಗಿಸಿದರು.

ಆಶ್ಚರ್ಯವೆಂದರೆ, ಬುಧವಾರ ಬೆಲೆ ಧೊಪ್ಪನೆ ಇಳಿಯಿತು! ಮೊದಲ ದಿನಕ್ಕಿಂತಲೂ ಕೆಳಗೆ!

“ಈಗಲಾದ್ರೂ ತಗೊಳ್ರೀ, ನಿಮಗೆ ಕೈ ಮುಗೀತೀನಿ.”

“ಇಳಿಯೋಕೆ ಶುರುವಾಗಿರೋದನ್ನ ಯಾರಾದ್ರೂ ಅಡ್ಡಹಾಕ್ತಾರಾ? ಇನ್ನೂ ಇಳಿಯುತ್ತೆ ನೋಡ್ತಿರು.”

ಅಂದು ಆಫೀಸಿನಲ್ಲಿ ಊಟದ ಹೊತ್ತಿಗೆ ಸಾಹೇಬರು ಡಬ್ಬಿ ಪಕ್ಕಕ್ಕಿಟ್ಟು, ಫೋನಿನ ಪರದೆಯನ್ನು ಎಲ್ಲರಿಗೂ ತೋರಿಸಿ, ‘ಬೆಲೆ ಇಳಿಸುವ ಕಲೆ’ ಎಂಬ ವಿಷಯವಾಗಿ ಉಪನ್ಯಾಸವನ್ನೇ ಕೊಟ್ಟರು. ಕೇಳಿದವರೆಲ್ಲ ತಲೆದೂಗಿದರು.

ಸಂಜೆ ಮನೆಗೆ ಬಂದು ನೋಡುತ್ತಾರೆ, ಬೆಲೆ ಮೆಟ್ಟಿಲು ಬಿಟ್ಟು ಲಿಫ್ಟು ಹತ್ತಿದೆ! ಗುರುವಾರ ಇನ್ನೂ ಮೇಲೆ.

ಶುಕ್ರವಾರ ಬೆಳಿಗ್ಗೆ ತಂಗಿಯ ಫೋನು. “ಅಕ್ಕಾ, ನಾಳೆ ಸಂಜೇನೇ ಆಸ್ಪತ್ರೆಗೆ ಸೇರ್ಕೋ ಅಂದ್ರು ಡಾಕ್ಟ್ರು. ಹೇಳಿಲ್ಲ ಅಂದ್ಕೋಬೇಡ ಅಂತ ಹೇಳ್ದೆ. ನಿಂಗೆ ಇಷ್ಟ ಇಲ್ದಿದ್ರೆ... ಬರ್ದಿದ್ರೂ ಪರವಾಗಿಲ್ಲ.”

ಕಾನೂನು ಅಲ್ಲಿಗೆ ಮುರಿದುಬಿತ್ತು.

“ಬರ್ತೀನಿ ಕಣೇ!” ಅವಳು ಕಿಟಕಿ ಗಾಜು ನಡುಗುವಂತೆ ಕೂಗಿದಳು. “ನಾಳೆ ವಿಮಾನಕ್ಕೇ ಬರ್ತೀನಿ! ನಿನ್ನ ಊರಿಗೇ ಬರ್ತೀನಿ! ನಿನ್ನ ಬಿಟ್ರೆ ನಂಗ್ಯಾರೇ ಇದ್ದಾರೆ!”

“ಮೆಲ್ಲಗೆ! ಮೆಲ್ಲಗೆ!” ಎನ್ನುತ್ತಾ ಸಾಹೇಬರು ಅಡುಗೆಮನೆಯಿಂದ ಓಡಿಬಂದರು.

ಅವಳು ಅಂಗೈ ಚಾಚಿದಳು. “ಕೊಡಿ ನಿಮ್ಮ ಫೋನು.”

“ಮಧ್ಯಾಹ್ನದವರೆಗೆ ತಡಿ, ಒಂದೇ ಒಂದು ಸಲ ನೋಡಿ...”

“ನೀವು ಆಕಳಿಸಿದ್ರೆ ಆ ಮಗು ಹೆದರ್ಕೊಂಡು ತಡೆಯುತ್ತಾ?”

ಸಾಹೇಬರು ಫೋನು ಕೊಟ್ಟರು. ಉಳಿದಿದ್ದ ಕೊನೆಯ ಮೂರು ಸೀಟುಗಳನ್ನು ಅವಳು ಕೊಳ್ಳುವಾಗ ಸೂಜಿ ಚುಚ್ಚಿಸಿಕೊಳ್ಳುವವರಂತೆ ಮುಖವನ್ನು ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿದರು.

ಶನಿವಾರ ವಿಮಾನ ಹತ್ತಿ ಇನ್ನೂ ಬೆಲ್ಟು ಬಿಗಿದಿರಲಿಲ್ಲ, ಹಿಂದಿನಿಂದ “ನಮಸ್ಕಾರ ಸಾರ್!” ಎಂಬ ದನಿ. ಕಾರ್ಖಾನೆಯ ಸ್ಟೋರ್ ಕೀಪರು, ಸಂಸಾರ ಸಮೇತ! ಅವರಾಚೆ ಅಕೌಂಟೆಂಟು, ಅವರ ಹೆಂಡತಿ, ಅತ್ತೆ, ಮಾವ. ಅದರ ಹಿಂದೆ ಟೈಪಿಸ್ಟು, ಅವಳ ಅಕ್ಕತಂಗಿಯರು. ಅರ್ಧ ಆಫೀಸೇ ಆಕಾಶಕ್ಕೆ ಹೊರಟಿತ್ತು!

“ಬುಧವಾರ ನೀವು ಬೆಲೆ ತೋರಿಸಿದ್ರಲ್ಲ ಸಾರ್,” ಸ್ಟೋರ್ ಕೀಪರರ ಮುಖ ಊರಗಲವಾಗಿತ್ತು, “ಕೈ ತೊಳ್ಕೊಂಡು ಬಂದು ಎಲ್ಲರೂ ಅಲ್ಲೇ ತಗೊಂಡ್ಬಿಟ್ವಿ! ಹೋಗೋ ಯೋಚನೇನೇ ಇರ್ಲಿಲ್ಲ. ಇಷ್ಟು ಅಗ್ಗಕ್ಕೆ ಸಮುದ್ರ ಇನ್ಯಾವಾಗ ನೋಡೋದು ಅಂತ! ಎಲ್ಲ ನಿಮ್ಮ ಪುಣ್ಯ!”

ಬೆಲೆ ಲಿಫ್ಟು ಹತ್ತಿದ್ದು ಯಾರ ಪುಣ್ಯದಿಂದ ಎಂದು ಈಗ ತಿಳಿಯಿತು. ಹೆಂಡತಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ನಿಮಗೆ ಇನ್ನೂ ಕಮ್ಮಿಗೆ ಸಿಕ್ಕಿರುತ್ತೆ ಬಿಡಿ. ಎಷ್ಟಾಯ್ತು ಸಾರ್?” ಅಕೌಂಟೆಂಟು ಕತ್ತು ಚಾಚಿದರು.

ಸಾಹೇಬರು ಕಿಟಕಿಯಾಚೆ ನೋಡಿದರು. ಆಕಳಿಕೆ ಬರಲಿಲ್ಲ, ಕೆಮ್ಮು ಬಂತು. ಇಳಿಯುವವರೆಗೂ ಕೆಮ್ಮಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ತಂಗಿ ಗೋಡೆ ಹಿಡಿದು ಅಡ್ಡಾಡುತ್ತಿದ್ದಳು. ಅಕ್ಕನನ್ನು ಕಂಡು, “ಬಂದ್ಯಾ?” ಎಂದವಳು ಮತ್ತೇನೂ ಹೇಳದೆ ಅವಳ ಹೆಗಲಿಗೆ ಹಣೆಯಿಟ್ಟಳು. ಒಳಗೆ ಕರೆದೊಯ್ದಾಗ ಅಕ್ಕ ಬಾಗಿಲ ಬಳಿಯೇ ಇದ್ದಳು. ಮಗುವಿನ ಅಳು ಕೇಳುವವರೆಗೆ ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಮಗುವನ್ನು ಗಾಜಿನ ಪಾತ್ರೆಯಂತೆ ಹಿಡಿದು ಕೂತಿದ್ದರು. ಹೆಂಡತಿ ಪಕ್ಕಕ್ಕೆ ಬಂದಾಗ ಮೆಲ್ಲನೆ ಕೇಳಿದರು:

“ಒಂದು ಉಪಕಾರ ಮಾಡ್ತೀಯೇನೇ?”

“ಹೇಳಿ.”

“ವಾಪಸ್ ಟಿಕೆಟ್ ನೀನೇ ತಗೊಂಡ್ಬಿಡು. ನಮ್ಮ ಆಫೀಸಿನವರು ಹೋಗೋ ವಿಮಾನ ಒಂದು ಬಿಟ್ಟು ಬೇರೆ ಯಾವುದಾದ್ರೂ ಸರಿ. ಎಷ್ಟು ಹೇಳ್ತಾರೋ ಅಷ್ಟು ಕೊಟ್ಬಿಡು!”